ಅಕ್ಟೋಬರ್ ಸಂಚಿಕೆಯ ಮುಖಪುಟ

ಮೈದಾ ಅಂಟು ಕಾಸುವುದು ಒಂದು ವಿದ್ಯೆ ಎಂದು ಯಾರಾದರೂ ಹೇಳಿದ್ದರೆ ಮೊನ್ನೆಯವರೆಗೂ ನಾನು ನಗುತ್ತಿದ್ದೆ. ಮೈದಾ ಹಿಟ್ಟು, ನೀರು, ಹುಳ ಹತ್ತದಿರಲೆಂದು ಒಂದು ಚಿಟಿಕೆ ಮೈಲುತುತ್ತ. ಒಲೆಯ ಮೇಲಿಟ್ಟು ಕೈಯಾಡಿಸುತ್ತಿದ್ದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಇವತ್ತು ಬೆಳಗ್ಗೆಯಿಂದ ಎರಡು ಸಲ ಕಾಸಿದ್ದೇನೆ, ಎರಡು ಸಲವೂ ಗಂಟು. ಈಗ ಮೂರನೆಯದು ಒಲೆಯ ಮೇಲಿದೆ. ಅದರ ವಾಸನೆ, ಅರ್ಧ ಗಂಜಿಯದು, ಅರ್ಧ ಔಷಧಿ ಅಂಗಡಿಯದು, ವಿಜಯನಗರದ ನಮ್ಮ ಮನೆಯ ಅಡುಗೆಮನೆಯಿಂದ ಹೊರಟು ಗೇಟಿನವರೆಗೂ ಹೋಗಿದೆ.

“ರೀ, ಮೈಲುತುತ್ತ ವಿಷ ಕಣ್ರೀ. ಆ ಪಾತ್ರೆ ಇನ್ ನನ್ ಅಡ್ಗೆಗೆ ಬೇಡ, ನೀವೇ ಇಟ್ಕೊಳ್ಳಿ,” ಎಂದು ನನ್ನ ಹೆಂಡತಿ ಪಾತ್ರೆಯನ್ನು ನನಗೆ ದಾನ ಮಾಡಿ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕುಳಿತಿದ್ದಾಳೆ. ಹಾಲಿನಿಂದ ಅಮ್ಮ ಕೂಗುತ್ತಾಳೆ: “ಸೋಮವಾರದೊಳ್ಗೆ ನನ್ ಹಾಡಿನ ಪುಸ್ತಕ ಸಿಗುತ್ತೇನೋ?” ಸಿಗುತ್ತೆ ಕಣಮ್ಮ. ಈ ಗಂಟು ಒಂದು ಕರಗಲಿ.

ಈ ವಾಸನೆಯನ್ನು ನಾನು ಒಂಬತ್ತು ವರ್ಷ ದ್ವೇಷಿಸಿದ್ದೇನೆ. ಇದು ಸಿದ್ದಪ್ಪ ಮಾವನ ವಾಸನೆ. ಸಿದ್ದಪ್ಪ ಮಾವ ಎಂದರೆ ಅಮ್ಮನ ಅಣ್ಣ. ಮಠವೊಂದರ ಮುದ್ರಣಾಲಯದಲ್ಲಿ ಇಡೀ ಆಯುಷ್ಯ ಬೈಂಡರ್ ಆಗಿದ್ದವರು. ಕೆಸರೆಯಲ್ಲಿ ಮನೆ. ನಿವೃತ್ತರಾದ ಮೇಲೆ ಪ್ರತಿ ಭಾನುವಾರ ಊರಿನ ಆ ತುದಿಯಿಂದ ಈ ತುದಿಗೆ ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಕ್ಯಾರಿಯರಿನಲ್ಲಿ ಒಂದು ತಗಡಿನ ಡಬ್ಬ. ಅದರಲ್ಲಿ ದಪ್ಪ ಸೂಜಿ, ದಾರ, ಮೇಣದ ಉಂಡೆ, ಮಡಿಕೆ ತೀಡುವ ಮರದ ಪಟ್ಟಿ. ಬಂದವರೇ ಕಾಫಿ ಕುಡಿದು, ಮನೆಯಲ್ಲಿ ಬಿಡಿ ಹಾಳೆ ಎಲ್ಲೆಲ್ಲಿದೆ ಎಂದು ಕಣ್ಣಾಡಿಸುತ್ತಿದ್ದರು.

ಹಾಳೆ ಬಿಡಿಯಾಗಿರುವುದನ್ನು ಮಾವನ ಕೈಲಿ ಸಹಿಸಲಾಗುತ್ತಿರಲಿಲ್ಲ. ಕರೆಂಟ್ ಬಿಲ್ಲುಗಳನ್ನು ಹೊಲಿದರು. ಹಳೆಯ ಪಂಚಾಂಗಗಳನ್ನು ಹೊಲಿದರು. ಬಂಧುಗಳ ಮದುವೆಯ ಕರೆಯೋಲೆಗಳನ್ನು ಕ್ಯಾಲಿಕೊ ಬಟ್ಟೆಯ ಬೆನ್ನು ಕೊಟ್ಟು ಹೊಲಿದರು. ಒಂದು ಭಾನುವಾರ ನಾನಿಲ್ಲದ ಹೊತ್ತು ನೋಡಿ ನನ್ನ ಅಂಕಪಟ್ಟಿಗಳನ್ನೂ ಹೊಲಿದುಬಿಟ್ಟರು. ಕೆಲಸದ ಸಂದರ್ಶನದಲ್ಲಿ ಅಂಕಪಟ್ಟಿ ಕೊಡಿ ಎಂದಾಗ ನಾನು ಒಂದು ಪುಸ್ತಕ ಕೊಟ್ಟೆ. ಆ ಅಧಿಕಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮುನ್ನುಡಿ ಯಾರದ್ದು ಎಂದು ಕೇಳಿದ. ನೀವೇ ಹೇಳಿ, ಇಂಥ ಮಾವ ಇದ್ದರೆ ಮನುಷ್ಯ ಎಷ್ಟು ದಿನ ತಾಳ್ಮೆ ಇಟ್ಟುಕೊಳ್ಳಬಹುದು?

ಆದರೆ ಅಮ್ಮನ ಮಟ್ಟಿಗೆ ಅಣ್ಣ ದೇವರು. ಕಾರಣ, ಧಾರಾವಾಹಿಗಳು. ಆಗೆಲ್ಲ ವಾರಪತ್ರಿಕೆಯಲ್ಲಿ ಬರುತ್ತಿದ್ದ ಕಾದಂಬರಿಯನ್ನು ಹೆಂಗಸರು ವಾರವಾರ ಕತ್ತರಿಸಿ ತೆಗೆದಿಟ್ಟು, ಮುಗಿದ ಮೇಲೆ ಬೈಂಡ್ ಹಾಕಿಸುತ್ತಿದ್ದರಲ್ಲ, ನಿಮ್ಮ ಮನೆಯ ಬೀರುವಿನಲ್ಲೂ ಒಂದೆರಡು ಇದ್ದಾವು. ಅಮ್ಮನಿಗೆ ಆ ಕೆಲಸವನ್ನು ಮಾವನೇ ಮಾಡಿಕೊಡುತ್ತಿದ್ದರು. ಅದಕ್ಕೊಂದು ಕ್ರಮ ಇತ್ತು. ಮೊದಲು ಮುಖಪುಟ ಕೀಳಬೇಕು. ಆಮೇಲೆ ಜಾಹೀರಾತು, ಪದಬಂಧ, ವಾರಭವಿಷ್ಯ ಎಲ್ಲ ತೆಗೆಯಬೇಕು. ಕಥೆಯ ಹಾಳೆಗಳನ್ನು ಮಾತ್ರ ವಾರದ ಕ್ರಮದಲ್ಲಿ ಜೋಡಿಸಿ ಹೊಲಿದು, ಮೂರು ಕಡೆ ಮಿಷಿನ್ನಿಗೆ ಕೊಟ್ಟು ಅಂಚು ಸಮ ಮಾಡಿ, ರಟ್ಟು ಹಾಕಬೇಕು. ನಾನು ಓದಲು ಕಲಿತದ್ದೇ ಆ ಪುಸ್ತಕಗಳಲ್ಲಿ, ಆಗ ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಇನ್ನು ನನ್ನ ರೋಗದ ವಿಚಾರ. ತೊಂಬತ್ತರ ದಶಕದ ಶುರುವಿನಲ್ಲಿ, ಕಾಲೇಜಿನಲ್ಲಿದ್ದಾಗ, ನನಗೆ ಹಳೆಯ ರಾಕ್ ಸಂಗೀತದ ಪತ್ರಿಕೆಗಳ ಹುಚ್ಚು ಹಿಡಿಯಿತು. ಮೈಸೂರಿನಲ್ಲಿ ಈ ಹುಚ್ಚು ಹಿಡಿಯಲು ಎಲ್ಲಿ ಅವಕಾಶ ಎನ್ನಬೇಡಿ. ಯೋಗ ಕಲಿಯಲು ಎಪ್ಪತ್ತರ ದಶಕದಿಂದಲೇ ವಿದೇಶಿಯರು ಬಂದು ಲಕ್ಷ್ಮೀಪುರದ ಕಡೆ ಬಾಡಿಗೆ ಮನೆಗಳಲ್ಲಿ ಇರುತ್ತಿದ್ದರು. ಹೋಗುವಾಗ ಅರ್ಧ ಸಾಮಾನು ಅಟ್ಟದ ಮೇಲೆ ಬಿಟ್ಟು ಹೋಗುತ್ತಿದ್ದರು. ಮನೆಯ ಮಾಲೀಕರು ಹದಿನೈದಿಪ್ಪತ್ತು ವರ್ಷ ಕಾದು, ಇನ್ನು ಅವರು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅದನ್ನು ಗುಜರಿಗೆ ಹಾಕುತ್ತಿದ್ದರು. ಆ ಗುಜರಿ ಅಂಗಡಿಯ ಮುಂದೆ ನನ್ನ ಯೌವನ ಕಳೆಯಿತು.

ಅಂಗಡಿಯ ಸಾಬರಿಗೆ ಒಂದು ಹಟ. ಹಗ್ಗ ಹಾಕಿ ಕಟ್ಟಿದ ಕಟ್ಟನ್ನು ಅವರು ಬಿಚ್ಚುತ್ತಿರಲಿಲ್ಲ. “ಕಟ್ಟು ಬಿಚ್ಚೋ ರಿವಾಜು ಇಲ್ಲ ಸ್ವಾಮಿ. ಬೇಕಂದ್ರೆ ಪೂರಾ ತಗೊಂಡೋಗಿ.” ಒಂದು ರಾಕ್ ಪತ್ರಿಕೆಯ ಬೆನ್ನು ಕಾಣಿಸಿತೆಂದು ಇಡೀ ಕಟ್ಟು ಹೊತ್ತು ತರುತ್ತಿದ್ದೆ. ಬಿಚ್ಚಿದರೆ ಅದರಲ್ಲಿ ಇಪ್ಪತ್ತು ಹೆಣಿಗೆಯ ಪುಸ್ತಕ, ಹತ್ತು ಸಸ್ಯಾಹಾರದ ಪುಸ್ತಕ, ಒಂದೇ ಒಂದು ನನ್ನದು. ಅಮ್ಮ ಆ ಹೆಣಿಗೆಯ ಚಿತ್ರ ನೋಡಿ ನನಗೆ ಜಿಂಕೆಗಳಿರುವ ಸ್ವೆಟರ್ ಹಾಕಿಕೊಟ್ಟಳು. ರಾಕ್ ಸಂಗೀತದಿಂದ ನನಗಾದ ಏಕೈಕ ಪ್ರಯೋಜನ ಅದು.

ಯಾಕೆಂದರೆ, ನಿಜ ಹೇಳಿಬಿಡುತ್ತೇನೆ, ಆ ಸಂಗೀತವನ್ನು ನಾನು ಕೇಳಿರಲಿಲ್ಲ. ನಮ್ಮ ಊರಿನ ಕ್ಯಾಸೆಟ್ ಅಂಗಡಿಗಳಲ್ಲಿ ಆ ಹೆಸರು ಹೇಳಿದರೆ “ಯಾವ ಪಿಚ್ಚರ್‌ದು?” ಎನ್ನುತ್ತಿದ್ದರು. ನಾನು ಬರೀ ಓದಿದವನು. ಯಾವ ತಂಡದಲ್ಲಿ ಯಾರು ಡ್ರಮ್ ಬಿಟ್ಟು ಹೋದರು, ಯಾವ ಗಿಟಾರಿನ ತಂತಿ ಎಂಥದ್ದು, ಯಾವ ಹಾಡಿನ ಮೂರನೆಯ ನಿಮಿಷದಲ್ಲಿ ಏನಾಗುತ್ತದೆ, ಎಲ್ಲ ಬಾಯಿಪಾಠ. ಒಂದು ಸ್ವರವೂ ಗೊತ್ತಿಲ್ಲ. ಒಮ್ಮೆ ಮಾವ ನನ್ನ ಕೋಣೆಯ ಗೋಡೆಯಲ್ಲಿದ್ದ ಗಡ್ಡಧಾರಿಯ ಚಿತ್ರ ನೋಡಿ, ಚಪ್ಪಲಿ ಹೊರಗೆ ಬಿಟ್ಟು ಬಂದು, “ಇವ್ರು ಯಾವ ಮಠದೋರು?” ಎಂದು ಕೇಳಿದರು. ಹಾಡುಗಾರ ಮಾವ ಎಂದೆ. “ಎಂಗೆ ಹಾಡ್ತಾರೆ? ಒಂದು ಹಾಡು ನೋಡಾಣ,” ಎಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ವರ್ಷಗಳ ಮೇಲೆ ಆ ಹಾಡುಗಳಲ್ಲಿ ಕೆಲವನ್ನು ಕೇಳಿದಾಗ, ನಾನು ಓದುವಾಗ ಕೇಳಿಸಿಕೊಂಡದ್ದೇ ಚೆನ್ನಾಗಿತ್ತು ಅನ್ನಿಸಿತು.

ನನಗೆ ಬೇಕಿದ್ದದ್ದು ಒಂದೇ ಪತ್ರಿಕೆ. ಮೂರು ವರ್ಷದ ಮೂವತ್ತಾರು ಸಂಚಿಕೆ. ಅದಾದ ಮೇಲೆ ಅದು ನಿಂತೇಹೋಯಿತು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಪಟ್ಟಿ ಮಾಡಿದ್ದೆ. ಸಂಚಿಕೆ, ತಿಂಗಳು, ಎಲ್ಲಿದೆ. ‘ಎಲ್ಲಿದೆ’ ಎಂಬ ಮನೆಯಲ್ಲಿ ‘ಮೇಲಿನ ಗೂಡು’, ‘ಮಂಚದಡಿಯ ಟ್ರಂಕು’ ಎಂದು ಬರೆಯುತ್ತಿದ್ದೆ. ಮೂವತ್ತೈದು ತುಂಬಿತು. ಎರಡನೆಯ ವರ್ಷದ ಅಕ್ಟೋಬರ್ ಮಾತ್ರ ನಾಲ್ಕು ವರ್ಷ ಖಾಲಿ ಇತ್ತು. ಕೊನೆಗೆ ಅದೂ ಒಂದು ಕಟ್ಟಿನಲ್ಲಿ ಸಿಕ್ಕಿತು. ಮುಖಪುಟದಲ್ಲಿ ಹಳದಿ ಅಂಗಿ ತೊಟ್ಟ ಗಿಟಾರ್ ವಾದಕ ಯಾವುದೋ ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಬರಿಗಾಲಲ್ಲಿ ಕುಳಿತು ಕಿತ್ತಲೆ ಹಣ್ಣು ಸುಲಿಯುತ್ತಿದ್ದಾನೆ. ಗಿಟಾರ್ ಎಲ್ಲೂ ಕಾಣುವುದಿಲ್ಲ. ಜಗತ್ತಿನ ಗೊಡವೆಯೇ ಇಲ್ಲದೆ ಆ ಮನುಷ್ಯ ಸಿಪ್ಪೆ ಸುಲಿಯುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಷ್ಟು ಸಂತೋಷ ನನಗೆ ಕೆಲಸದ ಆದೇಶ ಬಂದಾಗಲೂ ಆಗಿರಲಿಲ್ಲ.

ಕೆಲಸವೆಂದರೆ ವಿದ್ಯುತ್ ಮೀಟರುಗಳನ್ನು ಪರೀಕ್ಷೆ ಮಾಡುವುದು. ತರಬೇತಿಗೆಂದು ಮೂರು ತಿಂಗಳು ಹುಬ್ಬಳ್ಳಿಗೆ ಹೋದೆ. ಹೋಗುವಾಗ ಅಮ್ಮನಿಗೆ ಹೇಳಿದ ಕೊನೆಯ ಮಾತು: “ನನ್ ಪುಸ್ತಕಗಳನ್ನ ಹುಷಾರಾಗಿ ನೋಡ್ಕೊಳಮ್ಮ, ಒಂದು ಹಾಳೆ ಕಳೀಬಾರದು.” ಆ ಮಾತನ್ನು ಅಮ್ಮ ಚಾಚೂ ತಪ್ಪದೆ ಪಾಲಿಸಿದಳು. ಹಾಳೆ ಕಳೆಯಬಾರದೆಂದರೆ ಏನು ಮಾಡಬೇಕು? ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ಉತ್ತರವಿತ್ತು. ಅಮ್ಮ ಅಣ್ಣನನ್ನು ಕರೆದಳು.

ನಾನು ವಾಪಸು ಬಂದ ಭಾನುವಾರ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಾಲಿನಲ್ಲಿ ಕಾಯುತ್ತಿದ್ದರು. ಟೀಪಾಯಿಯ ಮೇಲೆ ಹಸಿರು ಕ್ಯಾಲಿಕೊ ಹೊದ್ದ ಮೂರು ದಪ್ಪ ಪುಸ್ತಕ. ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ ‘ಸಂಗೀತ, ಸಂಪುಟ ೧, ೨, ೩’. ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ತೆರೆದೆ. ಮುಖಪುಟಗಳಿಲ್ಲ. ನಡುವೆ ಮಡಚಿಟ್ಟ ದೊಡ್ಡ ಚಿತ್ರಗಳಿಲ್ಲ. ರೆಕಾರ್ಡ್ ಪ್ಲೇಯರಿನ, ಬೂಟಿನ, ಗಿಟಾರಿನ ಆ ಹಳೆಯ ಜಾಹೀರಾತುಗಳಿಲ್ಲ. ಧಾರಾವಾಹಿಯ ಶಿಸ್ತು ನನ್ನ ರಾಕ್ ಪತ್ರಿಕೆಯ ಮೇಲೆ ಪೂರ್ತಿ ಜಾರಿಯಾಗಿತ್ತು.

ಇನ್ನೂ ಕೇಳಿ. ಇಂಗ್ಲಿಷ್ ಪತ್ರಿಕೆಯಲ್ಲಿ ಲೇಖನ ಹನ್ನೆರಡನೆಯ ಪುಟದಲ್ಲಿ ಶುರುವಾಗಿ ಅರವತ್ತೇಳಕ್ಕೆ ಹಾರುತ್ತದೆ. ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಅಂಕೆ ಚೆನ್ನಾಗಿ ಬರುತ್ತದೆ. ಓದುವವನಿಗೆ ತೊಂದರೆಯಾಗಬಾರದೆಂದು ಪುಟದ ಅಂಕೆ ಹುಡುಕಿ ಹುಡುಕಿ ಹನ್ನೆರಡರ ಪಕ್ಕಕ್ಕೆ ಅರವತ್ತೇಳನ್ನು ತಂದು ಕೂರಿಸಿದ್ದರು. ಹಾಳೆಗೆ ಎರಡು ಮುಖ ಇರುತ್ತದೆ ಎಂಬುದನ್ನು ಜೀವಮಾನವಿಡೀ ಹಾಳೆ ಹಿಡಿದ ಮನುಷ್ಯ ಹೇಗೆ ಮರೆತರೋ! ಒಂದು ಲೇಖನ ಸೇರಿದಲ್ಲಿ ಇನ್ನೊಂದು ತುಂಡಾಗಿತ್ತು. ಮತ್ತೆ ಸರಿ ಮಾಡಿಕೊಳ್ಳೋಣವೆಂದರೆ ಪುಟದ ಅಂಕೆಗಳೇ ಇಲ್ಲ. ಅಂಚು ಸಮ ಮಾಡುವಾಗ ಮಿಷಿನ್ನು ಅವನ್ನು ತಿಂದಿತ್ತು. ಮೂರು ತಿಂಗಳ ಹನ್ನೆರಡು ಭಾನುವಾರ ಕೂತು ಮಾಡಿದ ಕೆಲಸ ಅದು.

“ಮುಖಪುಟ ಎಲ್ಲಿ ಮಾವ?” ಎಂದೆ.

“ತೆಗೆದ್ಬುಟ್ಟೆ ಕಣೋ. ಬರೀ ಚಿತ್ರ. ಮ್ಯಾಟ್ರೆಲ್ಲ ಒಳಗಿದೆ ನೋಡು, ಒಂದಕ್ಷರ ಬುಟ್ಟಿಲ್ಲ.” ಮುಖದಲ್ಲಿ ಶಹಬಾಸ್‌ಗಿರಿ ಕಾಯುವ ನಗು.

ಆಮೇಲೆ ನಾನಾಡಿದ ಮಾತನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. “ಯಾರು ಹೇಳಿದ್ರು ನಿಮ್ಗೆ ಇದನ್ನ ಮುಟ್ಟಿ ಅಂತ? ಜೀವಮಾನ ಪೂರ್ತಿ ಇದೇನಾ ನೀವು ಮಾಡಿದ್ದು, ಇನ್ನೊಬ್ರ ಪುಸ್ತಕ ಹಾಳ್ ಮಾಡೋದು?” ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಮಾವ ಕೈಲಿದ್ದ ಕಾಫಿ ಲೋಟವನ್ನು ನೆಲದ ಮೇಲಿಟ್ಟರು. ಟೀಪಾಯಿಯ ಮೇಲೆ ಜಾಗವಿತ್ತು, ಆದರೂ ನೆಲದ ಮೇಲಿಟ್ಟರು. “ಆಯ್ತು ಬುಡಪ್ಪ. ಇನ್ ಮುಟ್ಟಲ್ಲ,” ಎಂದು ತಗಡಿನ ಡಬ್ಬ ಎತ್ತಿಕೊಂಡು ಸೈಕಲ್ ಹತ್ತಿದರು.

ಮುಟ್ಟಲಿಲ್ಲ. ಹಬ್ಬಕ್ಕೆ ಬರುತ್ತಿದ್ದರು, ಊಟ ಮಾಡುತ್ತಿದ್ದರು, ನನ್ನ ಮದುವೆಗೂ ಬಂದು ಅಕ್ಷತೆ ಹಾಕಿದರು, ಆದರೆ ಡಬ್ಬ ತರಲಿಲ್ಲ. ಜಗಳಕ್ಕೆ ಮೊದಲೇ ಅಮ್ಮ ತನ್ನ ಹಾಡಿನ ಪುಸ್ತಕ ಕೊಟ್ಟಿದ್ದಳು. ಸೋಮವಾರ ಓಣಿಯ ಹೆಂಗಸರೆಲ್ಲ ಸೇರಿ ಹಾಡುವ ಹಾಡುಗಳನ್ನು ಅವಳೇ ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು. ಅದನ್ನು ಕಟ್ಟಿ ಮುಗಿಸಿ, ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬಂದು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದರು. ಅದೇ ಕೊನೆ. ಆಮೇಲೆ ನಮ್ಮ ಮನೆಯ ಕರೆಂಟ್ ಬಿಲ್ಲುಗಳು ಬಿಡಿಬಿಡಿಯಾಗಿಯೇ ಕಳೆದುಹೋದವು.

ನಾನು ಮೂರು ಸಂಪುಟಗಳನ್ನು ಅಟ್ಟಕ್ಕೆ ಎಸೆದೆ. ಪಟ್ಟಿಯ ನೋಟ್‌ಬುಕ್ಕಿನಲ್ಲಿ ‘ಎಲ್ಲಿದೆ’ ಎಂಬ ಮನೆಗಳನ್ನೆಲ್ಲ ಹೊಡೆದುಹಾಕಿದೆ. ಆ ಪತ್ರಿಕೆ ಮತ್ತೆ ಎಲ್ಲೂ ಸಿಗಲಿಲ್ಲ. ಈಗಿನ ಗೆಳೆಯರು “ಎಲ್ಲ ನೆಟ್ಟಲ್ಲಿ ಸಿಗುತ್ತೆ ಗುರೂ, ಯಾಕೆ ತಲೆ ಕೆಡಿಸ್ಕೋತೀಯಾ,” ಎನ್ನುತ್ತಾರೆ. ಇವರಿಗೆ ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ಕಂಪ್ಯೂಟರಿನಲ್ಲಿ ಆ ಕಿತ್ತಲೆ ಹಣ್ಣು ಕಂಡರೆ ಅದು ನಾಲ್ಕು ವರ್ಷ ಅಲೆದ ನನ್ನ ಕಿತ್ತಲೆ ಹಣ್ಣಾಗುತ್ತದೆಯೇ? ಒಂಬತ್ತು ವರ್ಷ ಈ ಸಿಟ್ಟನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಹೋದ ಭಾನುವಾರ ದೇವರಮನೆಯ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದವನು ಇಳಿಯುವಾಗ ಪೂಜೆಯ ತಂಬಿಗೆಗೆ ಕಾಲು ತಾಗಿಸಿದೆ. ನೀರೆಲ್ಲ ಅಮ್ಮನ ಹಾಡಿನ ಪುಸ್ತಕದ ಮೇಲೆ. ಅಮ್ಮ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಹಾಳೆಗಳು ಉಳಿದವು, ಹಿಂದಿನ ರಟ್ಟು ಮಾತ್ರ ನೆನೆಯಿತು. ರಟ್ಟಿನ ಒಳಬದಿಗೆ ಅಂಟಿಸಿದ್ದ ಬಿಳಿಯ ಹಾಳೆ ಉಬ್ಬಿ, ಒಂದು ಮೂಲೆ ಎದ್ದು ಬಂತು. ಅದರಡಿಯಲ್ಲಿ ಒಂದು ಬರಿಗಾಲು ಕಾಣಿಸಿತು.

ಮೆಲ್ಲಗೆ ಇನ್ನಷ್ಟು ಎತ್ತಿದೆ. ಬೆಂಚಿನ ಕಾಲು. ಹಳದಿ ಅಂಗಿಯ ತೋಳು. ಕಿತ್ತಲೆ ಹಣ್ಣು. ಒಂಬತ್ತು ವರ್ಷದಿಂದ ಈ ಮನುಷ್ಯ ನಮ್ಮ ದೇವರಮನೆಯಲ್ಲಿ, ಪ್ರತಿ ಸೋಮವಾರ ಅಮ್ಮನ ತೊಡೆಯ ಮೇಲೆ ಕೂತು ಹಾಡು ಕೇಳಿಕೊಂಡು, ಸಿಪ್ಪೆ ಸುಲಿಯುತ್ತಲೇ ಇದ್ದಾನೆ! ನನಗೆ ನಗು ಬರಬೇಕಿತ್ತು. ಮೈಯೆಲ್ಲ ಉರಿಯಿತು. ಪುಸ್ತಕವನ್ನು ಟವಲಿನಲ್ಲಿ ಸುತ್ತಿಕೊಂಡು ನೇರ ಕೆಸರೆಗೆ ಹೋದೆ.

ಮಾವ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತಿದ್ದರು. ಎಂಬತ್ತು ದಾಟಿದೆ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನಿನ ಮೇಲೆ ಬೆರಳಾಡಿಸಿದರು. “ನೀರು ಬುಟ್ಟಿದ್ದೀಯಲ್ಲೋ,” ಎಂದರು.

“ಇದು ನನ್ ಮುಖಪುಟ ಮಾವ.”

“ಹೂಂ, ನಿಂದೇ. ಅಂಗಡಿ ರಟ್ಟು ನಾನ್ ಯಾವತ್ತು ಹಾಕಿದ್ದೀನಿ? ಕಾಗದದ ಮೇಲೆ ಕಾಗದ ಅಂಟ್ಸಿ ನಾನೇ ಮಾಡೋದು. ನಿನ್ ಬಣ್ಣದ ಕಾಗದ ಬಲೇ ಗಟ್ಟಿ ಇತ್ತು.”

“ಎಸೆದ್ಬುಟ್ರಿ ಅಂದ್ಕೊಂಡಿದ್ದೆ ನಾನು.”

ಮಾವ ನನ್ನನ್ನು ವಿಚಿತ್ರವಾಗಿ ನೋಡಿದರು. “ಅಂಥಾ ಕಾಗದ ಯಾರಾದ್ರೂ ಎಸೀತಾರೇನೋ? ನೀನ್ ಕೂಗಾಡ್ದೆ. ಎಲ್ಲಿಟ್ಟಿದ್ದೀರಿ ಅಂತ ಒಂದ್ ಮಾತು ಕೇಳ್ಲಿಲ್ಲ.”

ಅದು ನಿಜ. ‘ತೆಗೆದ್ಬುಟ್ಟೆ’ ಎಂದರೆ ತೆಗೆದು ಎಲ್ಲಿ ಹಾಕಿದಿರಿ ಎಂದು ನಾನು ಕೇಳಿರಲೇ ಇಲ್ಲ. ಆ ದಿನ ಕೇಳಿದ್ದರೆ ಮೂವತ್ತೈದು ಮುಖಪುಟ ಕೆಸರೆಯ ಈ ಮನೆಯಲ್ಲಿ, ಹಾಸಿಗೆಯಡಿ ಸಮನಾಗಿ ಜೋಡಿಸಿಟ್ಟಲ್ಲೇ ಸಿಗುತ್ತಿದ್ದವಂತೆ. ನಾನು ಕೇಳಲು ಬಂದೇನೆಂದು ಒಂದು ವರ್ಷ ಇಟ್ಟುಕೊಂಡಿದ್ದರಂತೆ. ಅಕ್ಟೋಬರ್ ಒಂದನ್ನು ಮಾತ್ರ ಆಗಲೇ ತಂಗಿಯ ಪುಸ್ತಕದ ರಟ್ಟಿಗೆ ಅಂಟಿಸಿಟ್ಟಿದ್ದರು, ಅದು ಎಲ್ಲಕ್ಕಿಂತ ದಪ್ಪ ಕಾಗದವೆಂದು. ಉಳಿದವು ಆಮೇಲೆ ಒಂದೊಂದಾಗಿ ಒಬ್ಬೊಬ್ಬರ ರಟ್ಟಿಗೆ ಹೋದವು. ಒಂದು ಶಾಲೆಯ ಹಾಜರಿ ಪುಸ್ತಕ, ಯಾರದೋ ಮದುವೆಯ ಆಲ್ಬಮ್, ಮಠದ ವಚನದ ಪುಸ್ತಕಗಳು. ನನ್ನ ಸಿಟ್ಟೆಲ್ಲ ಇಷ್ಟು ವರ್ಷ ಯಾರ ಮೇಲಿತ್ತು ಎಂದು ಯೋಚಿಸಿ, ಆ ಕುರ್ಚಿಯ ಪಕ್ಕ ನಿಂತ ನನಗೆ ಅಳು ಬಂತು.

“ಬೇಕಾದ್ರೆ ಬುಡಿಸ್ಕೋ,” ಎಂದರು ಮಾವ. “ಒದ್ದೆ ಬಟ್ಟೆ ಹಾಕಿ ಒಂದ್ ಗಂಟೆ ಬುಡು, ನೀಟಾಗಿ ಬರುತ್ತೆ. ರಟ್ಟು ಮಾತ್ರ ಹೋಯ್ತು ಅನ್ಕೋ. ಬೇರೆ ಕಟ್ಟೋಕೆ ನನ್ ಕೈಲಾಗಲ್ಲ.” ಕೈ ಎತ್ತಿ ತೋರಿಸಿದರು. ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. “ಇಲ್ಲಾ ಅಂದ್ರೆ ಅಂಟು ಕಾಸಿ ಅಂಟ್ಸು.”

ಮನೆಗೆ ಬಂದು ಒದ್ದೆ ಬಟ್ಟೆಯನ್ನು ಹಿಂಡಿಯೂ ಇಟ್ಟೆ, ಸುಳ್ಳೇಕೆ ಹೇಳಲಿ. ಪೇಟೆಯಲ್ಲಿ ಬೇರೆ ಬೈಂಡರ್ ಇಲ್ಲದೆ ಇಲ್ಲ, ಅಮ್ಮನಿಗೆ ಹೊಸ ರಟ್ಟು ಹಾಕಿಸಬಹುದಿತ್ತು. ಐದಾರು ದಿನ ಪುಸ್ತಕವನ್ನು ಎದುರಿಗಿಟ್ಟುಕೊಂಡು ಆ ಕಿತ್ತಲೆ ಹಣ್ಣನ್ನೂ ಮಾವನ ಹೊಲಿಗೆಯನ್ನೂ ಮತ್ತೆ ಮತ್ತೆ ನೋಡಿದೆ. ಒಂದೇ ಅಂತರದ ಹೊಲಿಗೆ, ಒಂದೂ ಸೊಟ್ಟಗಿಲ್ಲ. ನಾನು ಅಷ್ಟು ಬೈದ ಮೇಲೂ ಒಂದು ಹೊಲಿಗೆ ಸೊಟ್ಟಗೆ ಹಾಕದ ಕೈ ಅದು. ಅದನ್ನು ಬಿಚ್ಚಲು ನನ್ನಿಂದ ಆಗಲಿಲ್ಲ.

ಹೀಗಾಗಿ ಇವತ್ತು ಈ ಅಂಟು. ಮೂರನೆಯದೂ ಗಂಟಾಯಿತು. ರೋಸಿಹೋಗಿ ಕೆಸರೆಗೆ ಫೋನ್ ಮಾಡಿದೆ.

“ಬಿಸಿನೀರಿಗೆ ಹಿಟ್ಟು ಸುರಿದ್ಯಾ? ತಣ್ಣೀರಲ್ಲಿ ಕಲಸಿ ಆಮೇಲೆ ಒಲೆಗಿಡೋದು ಕಣೋ! ಮೊದ್ಲೇ ಕೇಳ್ಬೇಕು ತಾನೆ?” ಒಂಬತ್ತು ವರ್ಷದ ಮೇಲೆ ಮಾವ ನನ್ನನ್ನು ಬೈದರು. ಫೋನು ಕಿವಿಯಿಂದ ದೂರ ಹಿಡಿಯುವಷ್ಟು ಜೋರಾಗಿ ಬೈದರು. ನನಗೆ ಹಾಯೆನಿಸಿತು.

ನಾಲ್ಕನೆಯ ಸಲ ಅಂಟು ನುಣ್ಣಗೆ ಬಂತು. ಬಿಳಿಯ ಹಾಳೆಗೆ ಸವರಿ, ಹಳದಿ ಅಂಗಿಯವನ ಮೇಲೆ ಎಳೆದು, ಅಂಗೈಯಿಂದ ಒತ್ತಿದೆ. ಮೊದಲು ಕಾಲು ಮುಚ್ಚಿತು, ಆಮೇಲೆ ಹಣ್ಣು, ಕೊನೆಗೆ ಮುಖ. ಒಣಗುವವರೆಗೆ ಮೇಲೆ ಭಾರ ಹೇರಬೇಕಲ್ಲ, ಅಟ್ಟ ಹತ್ತಿ ಆ ಮೂರು ಹಸಿರು ಸಂಪುಟ ಇಳಿಸಿದೆ. ಒಂದು ಗೆದ್ದಲು ಮುಟ್ಟಿಲ್ಲ, ಒಂದು ಹಾಳೆ ಕಳೆದಿಲ್ಲ. ಎಲ್ಲಿ ಹೋಗುತ್ತದೆ ಹಾಳೆ, ಮೈಲುತುತ್ತದ ಕಾವಲಿನಲ್ಲಿ? ಎರಡನೆಯ ಸಂಪುಟ ತೆರೆದು ನಿಂತಲ್ಲೇ ಒಂದು ಲೇಖನವನ್ನು ಹನ್ನೆರಡನೆಯ ಪುಟದಿಂದ ಅರವತ್ತೇಳಕ್ಕೆ ಹಾರದೆ ಓದಿದೆ. ಹಾಳೆ ತಿರುಗಿಸಿದರೆ ಹಿಂದಿನದು ಅಧ್ವಾನ, ಯಥಾಪ್ರಕಾರ ತಲೆ ಚಿಟ್ಟು ಹಿಡಿಯಿತು.

ಆಮೇಲೆ ಪಟ್ಟಿಯ ನೋಟ್‌ಬುಕ್ ಹುಡುಕಿ ತೆಗೆದೆ. ಪೆನ್ನು ಹಿಡಿದು, ಎರಡನೆಯ ವರ್ಷದ ಅಕ್ಟೋಬರಿನ ಎದುರು, ಹೊಡೆದುಹಾಕಿದ ಗೆರೆಯ ಪಕ್ಕದಲ್ಲಿ, ‘ಎಲ್ಲಿದೆ’ ಎಂಬ ಮನೆಯಲ್ಲಿ ಬರೆದೆ: ‘ಅಮ್ಮನ ಹಾಡಿನ ಪುಸ್ತಕ, ಹಿಂದಿನ ರಟ್ಟು.’ ಉಳಿದ ಮೂವತ್ತೈದು ಮನೆಯಲ್ಲಿ ಇನ್ನೂ ಬರೀ ಹೊಡೆದ ಗೆರೆ. ಯಾವುದು ಯಾರ ಪುಸ್ತಕದ ರಟ್ಟಿಗೆ ಹೋಯಿತೆಂದು ಮಾವನಿಗೆ ನೆನಪಿದೆಯಂತೆ. ನಾಳೆ ಭಾನುವಾರ ನೋಟ್‌ಬುಕ್ ತೆಗೆದುಕೊಂಡು ಕೆಸರೆಗೆ ಹೋಗುತ್ತೇನೆ, ಒಂದೊಂದಾಗಿ ಕೇಳುತ್ತೇನೆ.